ಭಿನ್ನರಾಶಿ ಪಾಠಕ್ಕೆ ಪ್ರೇರಣೆಯ ಸಿದ್ಧಾಂತಗಳು: ನಾಳೆಯ ಪೀರಿಯಡ್‌ನಲ್ಲಿ ಏನು ಬದಲಾಯಿಸಬೇಕು?

ಹೊಸ ಮೇಷ್ಟ್ರು

ಎಲ್ಲರಿಗೂ ನಮಸ್ಕಾರ. ಶಿಕ್ಷಕರ ತರಬೇತಿಯಲ್ಲಿ ಮ್ಯಾಸ್ಲೊ, ಬಂಡೂರ, ವೈನರ್, ಡೀಸಿ–ರಯಾನ್, ಡ್ವೆಕ್ ಹೀಗೆ ಪ್ರೇರಣೆಯ ಬಗ್ಗೆ ಬರೆದ ಮನಶ್ಶಾಸ್ತ್ರಜ್ಞರೆಲ್ಲರ ಹೆಸರೂ ಬಂದು ಹೋಗುತ್ತದೆ. ಬೋರ್ಡಿನ ಮುಂದೆ ನಿಂತಾಗ ಅವುಗಳಲ್ಲಿ ಯಾವುದು ಕೈಗೆ ಒದಗುತ್ತದೆ ಅನ್ನುವುದು ನನ್ನ ಪ್ರಶ್ನೆ.

ಸಂದರ್ಭ ಹೀಗಿಟ್ಟುಕೊಳ್ಳಿ: 11–12 ವರ್ಷದ 40 ಮಕ್ಕಳು, 40 ನಿಮಿಷದ ಪೀರಿಯಡ್, ಪಾಠ ಭಿನ್ನರಾಶಿಗಳ ಸಂಕಲನ, ಛೇದಗಳು ಬೇರೆ ಬೇರೆ. ಹತ್ತು ಮಂದಿ ಲೆಕ್ಕ ಬರೆದು ಮುಗಿಸುವ ಮೊದಲೇ ಉತ್ತರ ಹೇಳುತ್ತಾರೆ. ಹದಿನೈದು ಮಂದಿ ಬೋರ್ಡಿನಲ್ಲಿ ಇದ್ದದ್ದನ್ನು ಇಳಿಸಿಕೊಳ್ಳುತ್ತಾರೆ. ಉಳಿದವರು ಪೆನ್ನಿನ ಮುಚ್ಚಳವನ್ನೇ ತೆಗೆಯುವುದಿಲ್ಲ, ಕೇಳಿದರೆ "ನಂಗೆ ಗಣಿತ ಬರಲ್ಲ" ಅನ್ನುತ್ತಾರೆ. ಈ ಮೂರನೇ ಗುಂಪಿಗೆ ಮೊದಲು ಆಸಕ್ತಿ ಹುಟ್ಟಿಸಬೇಕೋ, ಲೆಕ್ಕ ಕಲಿಸಬೇಕೋ? ಆಟ, ವಿಡಿಯೊ ಅಂತ ಹತ್ತು ನಿಮಿಷ ಕೊಟ್ಟರೆ ಲೆಕ್ಕಕ್ಕೆ ಉಳಿಯುವುದು ಮೂವತ್ತೇ ನಿಮಿಷ.

ಚರಾಕ್ಷರ

ಮೊದಲು ಲೆಕ್ಕ. ಆಸಕ್ತಿ ಅದರ ಬೆನ್ನಿಗೇ ಬರುತ್ತದೆ. ಇದಕ್ಕೆ ಗಟ್ಟಿ ಆಧಾರವಿದೆ.

ಬಂಡೂರ ಮತ್ತು ಶುಂಕ್ 1981ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವ್ಯವಕಲನದಲ್ಲಿ ತುಂಬಾ ಹಿಂದೆ ಬಿದ್ದಿದ್ದ, ಗಣಿತದಲ್ಲಿ ಆಸಕ್ತಿಯೇ ಇಲ್ಲದ ಮಕ್ಕಳನ್ನು ಆರಿಸಿಕೊಂಡರು. ತಾವೇ ಓದಿ ಮಾಡಿಕೊಳ್ಳುವಂಥ 42 ಪುಟಗಳ ಅಭ್ಯಾಸ, 7 ಅವಧಿ. ಒಂದು ಗುಂಪಿಗೆ "ಪ್ರತಿ ಅವಧಿಗೆ ಕನಿಷ್ಠ 6 ಪುಟ" ಎಂಬ ಹತ್ತಿರದ ಗುರಿ. ಇನ್ನೊಂದಕ್ಕೆ "ಏಳನೇ ಅವಧಿ ಮುಗಿಯುವುದರೊಳಗೆ 42 ಪುಟ" ಎಂಬ ದೂರದ ಗುರಿ. ಮತ್ತೊಂದಕ್ಕೆ ಗುರಿಯನ್ನೇ ಹೇಳಲಿಲ್ಲ. ಪುಸ್ತಕ ಅದೇ, ಒಟ್ಟು ಕೆಲಸವೂ ಅಷ್ಟೇ. ಕೊನೆಗೆ ಕೌಶಲ, "ನನ್ನಿಂದ ಆಗುತ್ತದೆ" ಎಂಬ ನಂಬಿಕೆ, ಯಾರೂ ಹೇಳದೆಯೂ ವ್ಯವಕಲನ ಮಾಡುವ ಇಷ್ಟ, ಮೂರರಲ್ಲೂ 6 ಪುಟದ ಗುಂಪೇ ಮುಂದಿತ್ತು. ದೂರದ ಗುರಿ ಇದ್ದವರಿಗೂ ಗುರಿಯೇ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಆ ಮಕ್ಕಳಿಗೆ ಯಾರೂ ಗಣಿತವನ್ನು ಆಟ ಮಾಡಿ ತೋರಿಸಲಿಲ್ಲ. ಕೆಲಸ ಕಣ್ಣಿಗೆ ಕಾಣುವ ಅಳತೆಯಲ್ಲಿ ಮುಗಿಯುತ್ತಾ ಬಂತು, ಅಷ್ಟೆ.

ನಿಮ್ಮ ಪಾಠಕ್ಕೆ ಇದನ್ನು ಹೀಗೆ ಇಳಿಸಬಹುದು: "ಇವತ್ತು ಭಿನ್ನರಾಶಿಗಳ ಸಂಕಲನ ಕಲಿಯೋಣ" ಅನ್ನುವುದು ದೂರದ ಗುರಿ. "ಈ 6 ಜೋಡಿಗಳಿಗೆ ಸಮಾನ ಛೇದ ಮಾತ್ರ ಹುಡುಕಿ, ಕೂಡಬೇಡಿ" ಅನ್ನುವುದು ಹತ್ತಿರದ ಗುರಿ. ಮುಗಿಯಿತೋ ಇಲ್ಲವೋ ಅಂತ ಮಗು ಯಾರನ್ನೂ ಕೇಳದೆ ತಾನೇ ನೋಡಿಕೊಳ್ಳಬಹುದು. ಗುರಿಯ ಅಳತೆ 5ರಿಂದ 8 ನಿಮಿಷದಲ್ಲಿ ಮುಗಿಯುವಷ್ಟಿರಲಿ.

ಲಸಾಅ

ಚರಾಕ್ಷರ ಸರ್ ಹೇಳಿದ್ದು ಸರಿ. ಆದರೆ ಹತ್ತಿರದ ಗುರಿ ಇಟ್ಟರೂ ಒಳಗಿನ ಲೆಕ್ಕಗಳ ಕ್ರಮ ಕೆಟ್ಟಿದ್ದರೆ ಮಗು ಎರಡನೇ ಲೆಕ್ಕಕ್ಕೇ ನಿಂತುಬಿಡುತ್ತದೆ. ಆಗ ಕೈಗೆ ಸಿಗುವುದು ಹತ್ತಿರದ ಸೋಲು. ಪ್ರೇರಣೆಯ ಕೆಲಸದಲ್ಲಿ ಮುಕ್ಕಾಲು ಪಾಲು ಲೆಕ್ಕಗಳನ್ನು ಆರಿಸುವುದರಲ್ಲೇ ಇದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೆಟ್ಟಿಲು ಹೀಗಿರಲಿ.

ಮೊದಲ ಮೆಟ್ಟಿಲಿನಲ್ಲಿ ಒಂದು ಛೇದ ಇನ್ನೊಂದರ ಅಪವರ್ತ್ಯವಾಗಿರಬೇಕು: 1/2 + 1/4, 2/3 + 1/9. ಇಲ್ಲಿ ಒಂದೇ ಭಿನ್ನರಾಶಿಯನ್ನು ಬದಲಾಯಿಸಿದರೆ ಸಾಕು. ಎರಡನೇ ಮೆಟ್ಟಿಲಿನಲ್ಲಿ ಛೇದಗಳಿಗೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನ ಇರಬಾರದು: 1/2 + 1/3, 1/3 + 1/4, 2/5 + 1/3. ಎರಡನ್ನೂ ಬದಲಾಯಿಸಬೇಕು, ಆದರೆ ಛೇದಗಳನ್ನು ಗುಣಿಸಿದರೆ ಕೆಲಸ ಆಗುತ್ತದೆ. ಮೂರನೆಯದರಲ್ಲಿ ಗುಣಲಬ್ಧಕ್ಕಿಂತ ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ಚಿಕ್ಕದು: 1/4 + 1/6, 3/8 + 5/12. ಇಲ್ಲಿಗೆ ಬಂದ ಮೇಲೆ ಲ.ಸಾ.ಅ. ಯಾಕೆ ಬೇಕು ಅಂತ ಮಗುವಿಗೇ ಗೊತ್ತಾಗುತ್ತದೆ. 96 ಛೇದ ಇಟ್ಟುಕೊಂಡು ಒದ್ದಾಡುವುದಕ್ಕಿಂತ 24 ಸುಲಭ ತಾನೆ? ಉತ್ತರವನ್ನು ಸಂಕ್ಷೇಪಿಸಬೇಕಾದ ಲೆಕ್ಕ (1/6 + 3/10), ಉತ್ತರ 1ನ್ನು ದಾಟುವ ಲೆಕ್ಕ (2/3 + 3/4) ಇವು ಮರುದಿನಕ್ಕೆ.

ಪ್ರತಿ ಮೆಟ್ಟಿಲಿಗೂ ಬಿಡಿಸಿದ ಉದಾಹರಣೆ ಒಂದು, ಅದರ ಪಕ್ಕದಲ್ಲೇ ಅದೇ ಥರದ ಲೆಕ್ಕ ಒಂದು, ಹೀಗೆ ಜೋಡಿ ಜೋಡಿಯಾಗಿ ಕೊಡಿ. ಸ್ವೆಲ್ಲರ್ ಮತ್ತು ಕೂಪರ್ 1985ರಲ್ಲಿ ಬೀಜಗಣಿತದಲ್ಲಿ ತೋರಿಸಿದ್ದು ಇದನ್ನೇ: ಹೊಸಬರು ಬರೀ ಲೆಕ್ಕ ಮಾಡುತ್ತಾ ಹೋಗುವುದಕ್ಕಿಂತ, ಬಿಡಿಸಿದ್ದನ್ನು ನೋಡಿ ಅಂಥದ್ದೇ ಇನ್ನೊಂದನ್ನು ಮಾಡಿದರೆ ಕಡಿಮೆ ಹೊತ್ತಿನಲ್ಲಿ ಕಲಿಯುತ್ತಾರೆ. ಪೆನ್ನಿನ ಮುಚ್ಚಳ ತೆಗೆಯದ ಮಗುವಿಗೆ ಇದು ತುಂಬಾ ಮುಖ್ಯ, ಯಾಕೆಂದರೆ "ಎಲ್ಲಿಂದ ಶುರು ಮಾಡಲಿ" ಅನ್ನುವ ಗೊಂದಲವೇ ಅದನ್ನು ತಡೆಯುತ್ತಿರುತ್ತದೆ. ಆದರೆ ಮೊದಲ ಹತ್ತು ಮಂದಿಗೆ ಇದೇ ಜೋಡಿ ಕೊಟ್ಟರೆ ಅವರಿಗೆ ಬೇಸರ. ಅವರನ್ನು ನೇರವಾಗಿ ಮೂರನೇ ಮೆಟ್ಟಿಲಿಗೆ ಕಳಿಸಿ.

ಸೀಮೆಸುಣ್ಣ

ಹಸಿವು, ಸುರಕ್ಷತೆಯಂಥ ಅಗತ್ಯಗಳು ಮೊದಲು, ಉಳಿದದ್ದು ಆಮೇಲೆ ಅಂದ ಮ್ಯಾಸ್ಲೊನನ್ನು ಪಕ್ಕಕ್ಕೆ ತಳ್ಳಿಬಿಟ್ಟಿರಲ್ಲ? ಹಸಿದ, ಹೆದರಿದ ಮಗುವಿಗೆ ಮೆಟ್ಟಿಲು ಎಷ್ಟು ಚೆನ್ನಾಗಿ ಕಟ್ಟಿದರೆ ಏನು ಬಂತು?

ಚರಾಕ್ಷರ

ಹಸಿವಿನ ವಿಷಯ ಒಪ್ಪುತ್ತೇನೆ, ಅದು ಪಾಠದ ತಂತ್ರದಿಂದ ಬಗೆಹರಿಯುವಂಥದ್ದಲ್ಲ. ಆದರೆ ಒಂದು ತಪ್ಪು ಓದು ಬೇರೂರಿದೆ. ಮ್ಯಾಸ್ಲೊ 1943ರ ಲೇಖನದಲ್ಲಿ ಅಗತ್ಯಗಳ ಪಿರಮಿಡ್ ಬರೆದಿರಲಿಲ್ಲ, ಆ ಚಿತ್ರ ಆಮೇಲೆ ಬೇರೆಯವರಿಂದ ಬಂದದ್ದು. ಕೆಳಗಿನ ಅಗತ್ಯ ನೂರಕ್ಕೆ ನೂರು ತೀರಿದ ಮೇಲೆಯೇ ಮೇಲಿನದು ಹುಟ್ಟುತ್ತದೆ ಅಂತಲೂ ಅವರು ಹೇಳಲಿಲ್ಲ. ಅದು ತಪ್ಪು ಕಲ್ಪನೆ ಅಂತ ಅದೇ ಲೇಖನದಲ್ಲಿ ಬಿಡಿಸಿ ಹೇಳಿದ್ದಾರೆ. ಹಾಗಾಗಿ "ಮನೆಯ ಪರಿಸ್ಥಿತಿ ಸರಿಹೋಗುವವರೆಗೆ ಕಲಿಸಿ ಪ್ರಯೋಜನವಿಲ್ಲ" ಅನ್ನುವುದಕ್ಕೆ ಮ್ಯಾಸ್ಲೊ ಸಾಕ್ಷಿ ಆಗುವುದಿಲ್ಲ.

ಗಣಿತದ ಕೋಣೆಯಲ್ಲಿ ಸುರಕ್ಷತೆ ಅಂದರೆ ಏನು ಅಂತ ಕೇಳಿಕೊಂಡರೆ ಮಾತ್ರ ಅವರು ಉಪಯೋಗಕ್ಕೆ ಬರುತ್ತಾರೆ. ನಾಲ್ಕು ಜನರ ಮುಂದೆ ತಪ್ಪು ಹೇಳಿ ನಗೆಗೀಡಾಗುವ ಭಯ ಇದೆಯಲ್ಲ, ಅದು. ಆಶ್‌ಕ್ರಾಫ್ಟ್ ಮತ್ತು ಕರ್ಕ್ 2001ರಲ್ಲಿ ತೋರಿಸಿದಂತೆ ಗಣಿತದ ಆತಂಕ ಲೆಕ್ಕ ಮಾಡುವ ಹೊತ್ತಿನಲ್ಲೇ ಕಾರ್ಯಸ್ಮೃತಿಯನ್ನು (ಆ ಕ್ಷಣದ ಕೆಲಸಕ್ಕೆ ಬೇಕಾದ್ದನ್ನು ಹಿಡಿದಿಡುವ ನೆನಪನ್ನು) ತಿನ್ನುತ್ತದೆ. ದಶಕ ಏರಿಸುವ ಸಂಕಲನದಂಥ, ಮನಸ್ಸಿನಲ್ಲಿ ಏನನ್ನೋ ಹಿಡಿದಿಟ್ಟುಕೊಳ್ಳಬೇಕಾದ ಲೆಕ್ಕಗಳಲ್ಲಿ ಹೊಡೆತ ಹೆಚ್ಚು. ಭಿನ್ನರಾಶಿಯ ಸಂಕಲನ ಅಂಥದ್ದೇ: ಸಮಾನ ಛೇದ ನೆನಪಿಡಬೇಕು, ಎಷ್ಟರಿಂದ ಗುಣಿಸಿದೆ ಅಂತ ನೆನಪಿಡಬೇಕು, ಆಮೇಲೆ ಅಂಶ ಬದಲಾಯಿಸಬೇಕು. ಗೊತ್ತಿದ್ದರೂ ಬೋರ್ಡಿನ ಮುಂದೆ ಮಗುವಿಗೆ ಹೊಳೆಯದಿರುವುದಕ್ಕೆ ಕಾರಣ ಇದು.

ಲಸಾಅ

ಸೀಮೆಸುಣ್ಣ ಅವರೇ, ಅದಕ್ಕೆ ಕೈಲಾಗುವ ಉಪಾಯಗಳಿವೆ. ಒಬ್ಬರನ್ನು ಎಬ್ಬಿಸಿ ನಿಲ್ಲಿಸುವ ಬದಲು ಎಲ್ಲರ ಕೈಗೂ ಸ್ಲೇಟು ಕೊಡಿ. ಒಂದು ಹೆಜ್ಜೆ ಮಾತ್ರ ಕೇಳಿ, 30 ಸೆಕೆಂಡು ಬಿಡಿ, ಎಲ್ಲರೂ ಒಟ್ಟಿಗೆ ಎತ್ತಿ ಹಿಡಿಯಲಿ. 40 ಉತ್ತರ ಒಮ್ಮೆಗೇ ಕಣ್ಣಿಗೆ ಬೀಳುತ್ತದೆ, ಯಾರ ತಪ್ಪೂ ಎದ್ದು ಕಾಣುವುದಿಲ್ಲ. ಸ್ಲೇಟು ಇಲ್ಲದಿದ್ದರೆ ರಟ್ಟಿನ ಮೇಲೆ ಬಿಳಿ ಹಾಳೆ ಸಾಕು.

ಗುಣಿಸಿದ ಸಂಖ್ಯೆಯನ್ನು ಭಿನ್ನರಾಶಿಯ ಪಕ್ಕದಲ್ಲಿ ಚಿಕ್ಕದಾಗಿ ಬರೆದುಕೊಳ್ಳುವ ಅಭ್ಯಾಸ ಮಾಡಿಸಿ (1/3ರ ಪಕ್ಕ ×4, 1/4ರ ಪಕ್ಕ ×3). ನೆನಪಿನ ಭಾರ ಕಾಗದಕ್ಕೆ ಇಳಿಯುತ್ತದೆ. ಇದನ್ನು "ಅಡ್ಡ ಬರವಣಿಗೆ" ಅಂತ ಅಂಕ ಕಳೆಯುವವರಿದ್ದಾರೆ, ದಯವಿಟ್ಟು ಕಳೆಯಬೇಡಿ.

ಶೇಷ ಎಷ್ಟು

ಬಹುಮಾನದ ಬಗ್ಗೆ ಯಾರೂ ಮಾತಾಡಲಿಲ್ಲ. ಐದು ಲೆಕ್ಕ ಸರಿಯಾದರೆ ಒಂದು ನಕ್ಷತ್ರ, ಹತ್ತು ನಕ್ಷತ್ರಕ್ಕೆ ಒಂದು ಪೆನ್ಸಿಲ್. ಮೂರನೇ ಗುಂಪು ತಕ್ಷಣ ಎದ್ದು ಕೂರುತ್ತದೆ. ಸಿದ್ಧಾಂತ ಏನೇ ಹೇಳಲಿ, ಕೆಲಸ ನಡೆಯುತ್ತದೆ.

ಚರಾಕ್ಷರ

ಕೆಲಸ ನಡೆಯುತ್ತದೆ, ನಿಜ. ನಕ್ಷತ್ರ ನಿಂತ ದಿನ ಏನಾಗುತ್ತದೆ ಅನ್ನುವುದನ್ನೂ ನೋಡಬೇಕು. ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ 1973ರಲ್ಲಿ, ಚಿತ್ರ ಬರೆಯುವುದೆಂದರೆ ತಾವಾಗಿಯೇ ಇಷ್ಟಪಡುವ ಪುಟ್ಟ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದಕ್ಕೆ "ಬರೆದರೆ ಪ್ರಶಸ್ತಿ ಪತ್ರ" ಅಂತ ಮೊದಲೇ ಹೇಳಿದರು, ಒಂದಕ್ಕೆ ಹೇಳದೆ ಕೊನೆಗೆ ಕೊಟ್ಟರು, ಒಂದಕ್ಕೆ ಏನೂ ಇಲ್ಲ. ಆಮೇಲೆ ಬಿಡುವಿನ ಹೊತ್ತಿನಲ್ಲಿ ನೋಡಿದರೆ ಮೊದಲ ಗುಂಪಿನವರು ಚಿತ್ರಕ್ಕೆ ಕೊಟ್ಟ ಸಮಯ ಉಳಿದವರದಕ್ಕೆ ಹೋಲಿಸಿದರೆ ಸುಮಾರು ಅರ್ಧ.

ಇದರಲ್ಲಿ ಎರಡು ಸೂಕ್ಷ್ಮಗಳಿವೆ. ಹೇಳದೆ ಕೊಟ್ಟ ಬಹುಮಾನ ಆಸಕ್ತಿಯನ್ನು ಕೆಡಿಸಲಿಲ್ಲ. ಇನ್ನೊಂದು, ಆ ಮಕ್ಕಳಿಗೆ ಮೊದಲೇ ಇಷ್ಟವಿತ್ತು. ಇಷ್ಟವೇ ಇಲ್ಲದ ಕೆಲಸದಲ್ಲಿ ಕೆಡಿಸುವುದಕ್ಕೆ ಇಷ್ಟವೇ ಇರುವುದಿಲ್ಲವಲ್ಲ. ಹಾಗಾಗಿ ಮಗ್ಗಿ ಬಾಯಿಪಾಠದಂಥ, ಆವರ್ತನೆಯೇ ಮುಖ್ಯವಾದ ಕೆಲಸಕ್ಕೆ ಎರಡು ಮೂರು ವಾರ ನಕ್ಷತ್ರ ಇಟ್ಟರೆ ನನ್ನ ವಿರೋಧವಿಲ್ಲ. ಯೋಚಿಸಿ ಬಿಡಿಸಬೇಕಾದ ಸಮಸ್ಯೆಗೆ ಮಾತ್ರ ಬೇಡ. ಮಗು ನಕ್ಷತ್ರಕ್ಕೆ ದುಡಿಯಲು ಶುರು ಮಾಡಿದರೆ ಇದ್ದುದರಲ್ಲಿ ಸುಲಭವಾದ ಐದು ಲೆಕ್ಕ ಹುಡುಕುತ್ತದೆ. ಅದರ ದೃಷ್ಟಿಯಿಂದ ಅದೇ ಜಾಣತನ.

ಶೇಷ ಎಷ್ಟು

ಸುಲಭದ ಐದನ್ನೇ ಹುಡುಕುತ್ತಾರೆ ಅನ್ನುವುದು ಸತ್ಯ, ಅದನ್ನು ತಳ್ಳಿಹಾಕಲಾರೆ. ಹಾಗಾದರೆ ಸರಿ ಉತ್ತರಕ್ಕೆ ಬದಲಾಗಿ, ತನ್ನ ತಪ್ಪನ್ನು ತಾನೇ ಹಿಡಿದು ತಿದ್ದಿದ್ದಕ್ಕೆ ನಕ್ಷತ್ರ ಕೊಟ್ಟರೆ?

ಲಸಾಅ

ಅದು ಎಷ್ಟೋ ಮೇಲು. ಆದರೆ ಗೋಡೆಯ ಪಟ್ಟಿಯಲ್ಲಿ ಎಲ್ಲರ ಹೆಸರು, ಎದುರಿಗೆ ನಕ್ಷತ್ರ, ಇದು ಮಾತ್ರ ಬೇಡ. ಯಾರ ಸಾಲು ಖಾಲಿ ಅಂತ ಇಡೀ ತರಗತಿ ದಿನಾ ಓದುತ್ತದೆ. ಮಗುವಿನ ಪುಸ್ತಕದ ಕೊನೆಯ ಪುಟದಲ್ಲಿ ಇರಲಿ.

ತಾಳೆ ನೋಡಿ

ನನಗೆ ಇದೆಲ್ಲಕ್ಕಿಂತ ಮುಖ್ಯ ಅನಿಸುವುದು ತಪ್ಪಾದ ಕ್ಷಣದಲ್ಲಿ ಮೇಷ್ಟ್ರ ಬಾಯಿಂದ ಬರುವ ಮಾತು. ಒಂದೇ ತಪ್ಪನ್ನು ಹತ್ತಿರದಿಂದ ನೋಡೋಣ.

ಮಗು ಬರೆದಿದೆ: 1/2 + 1/3 = 2/5. ಮೇಲಿನದನ್ನು ಮೇಲಿನದಕ್ಕೆ, ಕೆಳಗಿನದನ್ನು ಕೆಳಗಿನದಕ್ಕೆ ಕೂಡಿದೆ. ಎಲ್ಲರಿಗೂ ಗೊತ್ತಿರುವ ತಪ್ಪು.

ವೈನರ್ ಪ್ರಕಾರ ಸೋತವರು ಕಾರಣ ಹುಡುಕುತ್ತಾರೆ, ಆ ಕಾರಣವನ್ನು ಮೂರು ಕಡೆಯಿಂದ ಅಳೆಯಬಹುದು: ಅದು ನನ್ನ ಒಳಗಿದೆಯೋ ಹೊರಗಿದೆಯೋ, ಬದಲಾಗುತ್ತದೋ ಇಲ್ಲವೋ, ನನ್ನ ಹಿಡಿತದಲ್ಲಿದೆಯೋ ಇಲ್ಲವೋ. "ನಂಗೆ ಗಣಿತ ಬರಲ್ಲ" ಅನ್ನುವುದು ಒಳಗಿನದು, ಬದಲಾಗದ್ದು, ಹಿಡಿತಕ್ಕೆ ಸಿಗದ್ದು. ಮೂರರಲ್ಲೂ ಕೆಟ್ಟ ಜಾಗ. "ದಡ್ಡ" ಅಂದರೆ ಮಗು ಇನ್ನಷ್ಟು ಅಲ್ಲೇ ಹೂತುಹೋಗುತ್ತದೆ. ವಿಚಿತ್ರವೆಂದರೆ "ಪಾಪ, ಬಿಡು, ಇದು ಕಷ್ಟದ ಲೆಕ್ಕ, ನೀನು ಸುಲಭದ್ದು ಮಾಡು" ಅಂತ ಕನಿಕರ ತೋರಿಸಿದರೂ ಹೋಗಿ ಸೇರುವುದು ಅಲ್ಲಿಗೇ. ಕನಿಕರದ ಹಿಂದಿರುವ ತೀರ್ಪು ಮಕ್ಕಳಿಗೆ ಅರ್ಥವಾಗುತ್ತದೆ.

ಡ್ವೆಕ್ 1975ರಲ್ಲಿ ಸೋಲಿಗೆ ಕೈಚೆಲ್ಲುತ್ತಿದ್ದ 12 ಮಕ್ಕಳ ಮೇಲೆ ಅಂಕಗಣಿತದ ಲೆಕ್ಕಗಳಿಂದಲೇ ಒಂದು ಪ್ರಯೋಗ ಮಾಡಿದರು. ಅರ್ಧ ಮಕ್ಕಳಿಗೆ ಬರೀ ಗೆಲುವು ಸಿಗುವ ಹಾಗೆ ಲೆಕ್ಕ ಕೊಟ್ಟರು. ಉಳಿದರ್ಧಕ್ಕೆ ನಡುನಡುವೆ ಸೋಲೂ ಬರುವ ಹಾಗೆ ಮಾಡಿ, ಸೋತಾಗಲೆಲ್ಲ ಅದಕ್ಕೆ ಪ್ರಯತ್ನ ಸಾಲದಿದ್ದುದೇ ಕಾರಣ ಅಂತ ಹೇಳಿದರು. ಕೊನೆಗೆ ಬರೀ ಗೆದ್ದವರು ಸೋಲು ಬಂದ ಕೂಡಲೇ ಮತ್ತೆ ಕುಸಿದರು, ಇನ್ನೊಂದು ಗುಂಪು ನಿಂತಿತು. ಮೆಟ್ಟಿಲು ಎಷ್ಟೇ ನಯವಾಗಿದ್ದರೂ ಒಂದೆರಡು ಕಡೆ ಎಡವುವ ಜಾಗ ಬೇಕು, ಎಡವಿದಾಗ ಜೊತೆಗೆ ಸರಿಯಾದ ವಿವರಣೆಯೂ ಬೇಕು.

ಆದರೆ ಈ "ಪ್ರಯತ್ನ" ಅನ್ನುವ ಪದದ ಬಗ್ಗೆ ಎಚ್ಚರ. 2/5 ಬರೆದ ಮಗು ಪ್ರಾಮಾಣಿಕವಾಗಿ ಪ್ರಯತ್ನಿಸಿದೆ. ಅದಕ್ಕೆ "ಇನ್ನೂ ಪ್ರಯತ್ನಿಸು" ಅಂದರೆ ಅದು ಅದೇ ತಪ್ಪು ವಿಧಾನದಿಂದ ಇನ್ನೂ ಹತ್ತು ಲೆಕ್ಕ ಮಾಡುತ್ತದೆ. ಎಲ್ಲವೂ ತಪ್ಪಾದಾಗ "ಪ್ರಯತ್ನಪಟ್ಟರೂ ಬರಲಿಲ್ಲ, ಅಂದರೆ ನಿಜಕ್ಕೂ ದಡ್ಡ" ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಕಾರಣವನ್ನು ವಿಧಾನದ ಮೇಲೆ ಹೊರಿಸಿ. ವಿಧಾನ ಬದಲಾಗುತ್ತದೆ, ಹಿಡಿತದಲ್ಲೂ ಇದೆ.

ಮಾತು ಹೀಗಿರಬಹುದು: "1/2 ಇಲ್ಲಿ ಬರೆ. ನಿನ್ನ ಉತ್ತರ 2/5 ಅದರ ಪಕ್ಕ ಬರೆ. ಯಾವುದು ದೊಡ್ಡದು?" ಮಗು ಯೋಚಿಸಲಿ. 5ರಲ್ಲಿ ಅರ್ಧ ಎರಡೂವರೆ, ಆದ್ದರಿಂದ 2/5 ಅರ್ಧಕ್ಕಿಂತ ಕಡಿಮೆ. "ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ್ದೀಯ. ಆದರೂ ಅರ್ಧಕ್ಕಿಂತ ಕಡಿಮೆ ಬಂತಲ್ಲ, ಯಾಕೆ?" ಇಷ್ಟು ಕೇಳಿ ಸುಮ್ಮನಿರಿ. ಹತ್ತು ಸೆಕೆಂಡು ಮೌನವಾಗಿ ಕಾಯುವುದು ಕಷ್ಟ, ಆದರೂ ಕಾಯಿರಿ.

ಈ ಪರೀಕ್ಷೆ ಎಲ್ಲಾ ಜೋಡಿಗಳಿಗೂ ನಡೆಯುತ್ತದೆ. ಮೇಲೆ–ಮೇಲೆ, ಕೆಳಗೆ–ಕೆಳಗೆ ಕೂಡಿದರೆ ಬರುವ ಸಂಖ್ಯೆ ಯಾವಾಗಲೂ ಎರಡು ಭಿನ್ನರಾಶಿಗಳ ನಡುವೆಯೇ ಬೀಳುತ್ತದೆ. ಎರಡೂ ಸಮವಾಗಿದ್ದರೆ ಅದೇ ಸಂಖ್ಯೆ ತಿರುಗಿ ಬರುತ್ತದೆ: 1/2 + 1/2 = 2/4, ಅಂದರೆ ಮತ್ತೆ ಅರ್ಧ! 1/2 + 1/3ರಲ್ಲಿ ಛೇದ ಬದಲಾಯಿಸಿ ಅಂಶ ಬದಲಾಯಿಸಲು ಮರೆತು 1/6 + 1/6 = 2/6 ಬರೆದ ಮಗುವಿಗೂ ಇದೇ ಪ್ರಶ್ನೆ ಸಾಕು. ತಪ್ಪು ಅಂತ ಹೇಳಲು ಮೇಷ್ಟ್ರು ಬೇಕಾಗಿಲ್ಲ ಅನ್ನುವುದು ಮಗುವಿಗೆ ಗೊತ್ತಾಗುವುದೇ ಇಲ್ಲಿ. ಡೀಸಿ–ರಯಾನ್ ಹೇಳುವ ಸಾಮರ್ಥ್ಯ (ನನಗೆ ಬರುತ್ತದೆ ಎಂಬ ಭಾವ) ಮತ್ತು ಸ್ವಾಯತ್ತತೆ (ನಾನೇ ನಿರ್ಧರಿಸುತ್ತೇನೆ ಎಂಬ ಭಾವ) ಎರಡೂ ಒಂದೇ ಪ್ರಶ್ನೆಯಲ್ಲಿ ಕೂಡಿ ಬರುತ್ತವೆ. ಹೊಗಳಿಕೆಗಿಂತ ಇದು ನೂರು ಪಾಲು ಬಲವಾದದ್ದು ಅಂತ ನಂಬಿದ್ದೇನೆ.

ಹೊಸ ಮೇಷ್ಟ್ರು

ಇದನ್ನು ಪಾಠದ ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡೆ. ಹೊಗಳಿಕೆಯ ಮಾತು ಬಂದದ್ದರಿಂದ ಕೇಳುತ್ತೇನೆ: "ಜಾಣ" ಅನ್ನಬಾರದು ಅನ್ನುತ್ತಾರಲ್ಲ, ಅದು ನಿಜವೇ? ಬೆಳವಣಿಗೆಯ ಮನೋಭಾವ (ಬುದ್ಧಿಯನ್ನು ಬೆಳೆಸಿಕೊಳ್ಳಬಹುದು ಎಂಬ ನಂಬಿಕೆ) ಅಂತ ಗೋಡೆಗೆ ಪೋಸ್ಟರ್ ಅಂಟಿಸುತ್ತಾರಲ್ಲ, ಅದರಿಂದ ಏನಾದರೂ ಆಗುತ್ತದೆಯೇ?

ಚರಾಕ್ಷರ

ಮುಲ್ಲರ್ ಮತ್ತು ಡ್ವೆಕ್ 1998ರಲ್ಲಿ ಐದನೇ ತರಗತಿಯ ಮಕ್ಕಳ ಮೇಲೆ ಮಾಡಿದ್ದು ಇದೇ. ಮೊದಲ ಸುತ್ತಿನ ಒಗಟುಗಳಲ್ಲಿ ಗೆದ್ದ ಮೇಲೆ ಕೆಲವರಿಗೆ "ನೀನು ಬುದ್ಧಿವಂತ", ಕೆಲವರಿಗೆ "ಕಷ್ಟಪಟ್ಟು ಮಾಡಿದ್ದೀಯ" ಅಂದರು. ಎರಡನೇ ಸುತ್ತು ಬೇಕೆಂದೇ ಕಠಿಣ. ಅದಾದ ಮೇಲೆ ಮೂರನೇ ಸುತ್ತಿನಲ್ಲಿ "ಬುದ್ಧಿವಂತ" ಅನಿಸಿಕೊಂಡವರು ಮೊದಲಿಗಿಂತ ಕಡಿಮೆ ಮಾಡಿದರು, ಇನ್ನೊಂದು ಗುಂಪು ಹೆಚ್ಚು ಮಾಡಿತು. ಹಾಗಂತ ಬಾಯಿತಪ್ಪಿ "ಜಾಣ" ಅಂದರೆ ಅನಾಹುತ ಆಗುವುದಿಲ್ಲ. ಮಗು ಏನು ಮಾಡಿತು ಅಂತ ಹೆಸರಿಸುವ ಅಭ್ಯಾಸ ಮಾಡಿಕೊಳ್ಳಿ: "12 ಸಾಕು, 24 ಬೇಡ ಅಂತ ನೀನೇ ನೋಡಿಕೊಂಡೆಯಲ್ಲ."

ಪೋಸ್ಟರಿನ ಮೇಲೆ ನನಗೆ ಭರವಸೆ ಇಲ್ಲ. ಯೇಗರ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಈ ಮನೋಭಾವ ಕಲಿಸುವ, ಒಂದು ಗಂಟೆಗೂ ಕಡಿಮೆ ಅವಧಿಯ ಆನ್‌ಲೈನ್ ಪಾಠದಿಂದ ಹಿಂದುಳಿದ ಮಕ್ಕಳ ಸರಾಸರಿ ಗ್ರೇಡ್ ಏರಿದ್ದು ಸುಮಾರು 0.1 ಪಾಯಿಂಟ್. ಅಷ್ಟು ಕಡಿಮೆ ಖರ್ಚಿಗೆ ಅದು ಬೆಲೆಯುಳ್ಳದ್ದೇ, ಆದರೆ ಪವಾಡವಲ್ಲ. "ತಪ್ಪಿನಿಂದ ಕಲಿಯುತ್ತೇವೆ" ಅಂತ ಗೋಡೆಯಲ್ಲಿ ಬರೆದು, ಅದೇ ಕೋಣೆಯಲ್ಲಿ ತಪ್ಪಿಗೆ ಅಂಕ ಕಳೆದು ತಿದ್ದಲು ಅವಕಾಶ ಕೊಡದಿದ್ದರೆ ಮಕ್ಕಳು ನಂಬುವುದು ಅಂಕವನ್ನು.

ಲಸಾಅ

ಅಂಕದ ಮಾತಿಗೆ ಬಟ್ಲರ್ ಅವರ 1988ರ ಕೆಲಸ ಸೇರಿಸಬೇಕು. ಬರೀ ಅಂಕ, ಬರೀ ಟಿಪ್ಪಣಿ, ಅಂಕದ ಜೊತೆ ಟಿಪ್ಪಣಿ ಅಂತ ಮೂರು ಥರ. ಆಸಕ್ತಿ ಉಳಿದದ್ದು ಬರೀ ಟಿಪ್ಪಣಿ ಸಿಕ್ಕವರಲ್ಲಿ. ಅಂಕ, ಟಿಪ್ಪಣಿ ಎರಡೂ ಕೊಟ್ಟರೆ ಒಳ್ಳೆಯದಲ್ಲವೇ ಅನಿಸುತ್ತದೆ, ಆದರೆ ಫಲ ಬರೀ ಅಂಕದ ಹತ್ತಿರವೇ ನಿಂತಿತು. 6/10 ಕಂಡ ಕೂಡಲೇ ಕಣ್ಣು ಪಕ್ಕದವನ ಪುಸ್ತಕಕ್ಕೆ ಹೋಗುತ್ತದೆ, ಟಿಪ್ಪಣಿ ಓದುವವರಿಲ್ಲ.

40 ಪುಸ್ತಕಕ್ಕೆ ಟಿಪ್ಪಣಿ ಬರೆಯಲು ಸಮಯ ಎಲ್ಲಿದೆ ಅನ್ನುವುದು ನ್ಯಾಯವಾದ ಪ್ರಶ್ನೆ. ನಾಲ್ಕು ಗುರುತು ಸಾಕು: ಛೇ (ಸಮಾನ ಛೇದ ಹುಡುಕುವಲ್ಲಿ ತಪ್ಪು), ಅಂ (ಛೇದ ಬದಲಾಯಿಸಿ ಅಂಶ ಬಿಟ್ಟದ್ದು), ಕೂ (ಕೂಡುವಾಗಿನ ತಪ್ಪು), ಸಂ (ಸಂಕ್ಷೇಪಿಸದೆ ಬಿಟ್ಟದ್ದು). ಲೆಕ್ಕದ ಪಕ್ಕದಲ್ಲಿ ಹಾಕಬೇಡಿ, ಪುಟದ ಕೆಳಗೆ ಹಾಕಿ: "8ರಲ್ಲಿ 2 ತಿದ್ದಬೇಕು, ಎರಡೂ ಅಂ. ಹುಡುಕು." ಒಂದು ಪುಸ್ತಕಕ್ಕೆ ಒಂದು ನಿಮಿಷದ ಮೇಲೆ ಹಿಡಿಯುವುದಿಲ್ಲ. ಮರುದಿನ ಮೊದಲ 6 ನಿಮಿಷ ತಿದ್ದುವುದಕ್ಕೇ ಮೀಸಲಿಡಿ. ಆ 6 ನಿಮಿಷ ಕೊಡದಿದ್ದರೆ ಗುರುತು ಹಾಕಿದ ಶ್ರಮವೆಲ್ಲ ವ್ಯರ್ಥ.

ಇನ್ನೊಂದು ಲಾಭ: 40ರಲ್ಲಿ 18 "ಅಂ" ಕಂಡರೆ ದೋಷ ಮಕ್ಕಳದ್ದಲ್ಲ, ಆ ಹೆಜ್ಜೆಯನ್ನು ಮತ್ತೆ ಕಲಿಸಬೇಕು ಅಂತ ನಮಗೇ ತಿಳಿಯುತ್ತದೆ.

ಸೀಮೆಸುಣ್ಣ

ಹಾಗಾದರೆ "ಇದೆಲ್ಲಾ ಜೀವನದಲ್ಲಿ ಎಲ್ಲಿ ಉಪಯೋಗಕ್ಕೆ ಬರುತ್ತೆ?" ಅಂತ ಕೇಳುವ ಮಗುವಿಗೆ?

ಚರಾಕ್ಷರ

ಎಕಲ್ಸ್ ಅವರ ನಿರೀಕ್ಷೆ–ಮೌಲ್ಯ ಸಿದ್ಧಾಂತದಲ್ಲಿ ಎರಡು ಪ್ರಶ್ನೆಗಳಿವೆ: ನನ್ನಿಂದ ಆಗುತ್ತದೆಯೇ? ಮಾಡಿದರೆ ಏನು ಬೆಲೆ? ಆಗುವುದಿಲ್ಲ ಅಂತ ನಂಬಿರುವ ಮಗುವಿಗೆ ಉಪಯೋಗದ ಪಟ್ಟಿ ಒಪ್ಪಿಸಿದರೆ "ಇಷ್ಟು ಮುಖ್ಯವಾದದ್ದೇ ನನಗೆ ಬರಲ್ಲ" ಅಂತ ಭಾರ ಹೆಚ್ಚಾಗಬಹುದು. ಹುಲ್‌ಮನ್ ಮತ್ತು ಹರಾಕಿವಿಚ್ 2009ರಲ್ಲಿ ವಿಜ್ಞಾನದ ತರಗತಿಗಳಲ್ಲಿ ಬೇರೆ ದಾರಿ ಹಿಡಿದರು: ಪಾಠಕ್ಕೂ ತಮ್ಮ ಬದುಕಿಗೂ ಇರುವ ಸಂಬಂಧವನ್ನು ವಿದ್ಯಾರ್ಥಿಗಳೇ ಬರೆಯಬೇಕು. ಗೆಲ್ಲುವ ನಿರೀಕ್ಷೆ ಕಡಿಮೆ ಇದ್ದವರಿಗೇ ಇದರ ಲಾಭ ಸಿಕ್ಕಿತು, ಆಸಕ್ತಿಯಲ್ಲೂ ಅಂಕದಲ್ಲೂ. ತಿಂಗಳಿಗೊಮ್ಮೆ ಐದಾರು ಸಾಲು ಬರೆಸಿ, ಸರಿ–ತಪ್ಪು ಹಾಕಬೇಡಿ. ಪಾಠದ ಮೊದಲ ದಿನ ಬೇಡ, ನಾಲ್ಕು ಲೆಕ್ಕ ಕೈಗೆ ಹತ್ತಿದ ಮೇಲೆ.

ಶೇಷ ಎಷ್ಟು

ಸ್ವಾಯತ್ತತೆ ಅಂತ ಆಯ್ಕೆ ಕೊಟ್ಟರೆ ಎಲ್ಲರೂ ಸುಲಭದ ಲೆಕ್ಕಗಳಿಗೇ ಮುಗಿಬೀಳುತ್ತಾರೆ. ಅದಕ್ಕೇನು ಮಾಡುವುದು?

ತಾಳೆ ನೋಡಿ

ಮಾಡಬೇಕೋ ಬೇಡವೋ ಅನ್ನುವುದನ್ನು ಆಯ್ಕೆಗೆ ಬಿಡಬೇಡಿ. ಯಾವುದನ್ನು, ಯಾವ ದಾರಿಯಿಂದ ಅನ್ನುವುದನ್ನು ಬಿಡಿ. ಹನ್ನೆರಡು ಲೆಕ್ಕ, ಮೂರು ಸಾಲು, ಸಾಲಿಗೆ ನಾಲ್ಕು. "ಯಾವುದಾದರೂ 7 ಮಾಡಿ, ಅದರಲ್ಲಿ ಕನಿಷ್ಠ 2 ಕೊನೆಯ ಸಾಲಿನವು." ಜೊತೆಗೆ ಯಾಕೆ ಅಂತಲೂ ಹೇಳಿ: ಛೇದಗಳನ್ನು ಗುಣಿಸುವ ದಾರಿ ಎಲ್ಲಿ ಭಾರವಾಗುತ್ತದೆ ಅಂತ ಕೊನೆಯ ಸಾಲಿನಲ್ಲಿ ಕಾಣುತ್ತದೆ. ಕಾರಣ ಕೊಟ್ಟು ಹೇಳಿದ ಕಡ್ಡಾಯಕ್ಕೂ "ಮಾಡಲೇಬೇಕು, ಅಷ್ಟೆ" ಅನ್ನುವುದಕ್ಕೂ ತುಂಬಾ ವ್ಯತ್ಯಾಸವಿದೆ. ಸಾಲುಗಳಿಗೆ "ಸುಲಭ, ಮಧ್ಯಮ, ಕಠಿಣ" ಅಂತ ಹೆಸರಿಡಬೇಡಿ. ಕಠಿಣ ಎಂದು ಬರೆದದ್ದನ್ನು ಹೆದರಿದ ಮಗು ಮುಟ್ಟುವುದಿಲ್ಲ, ಸುಲಭ ಎಂದು ಬರೆದದ್ದರಲ್ಲಿ ತಪ್ಪಿದರೆ ಅವಮಾನ ಎರಡು ಪಟ್ಟು.

ಹೊಸ ಮೇಷ್ಟ್ರು

ಎಲ್ಲ ಸೇರಿಸಿ ಪಾಠ ಹೀಗೆ ಹೊಂದಿಸಿದ್ದೇನೆ, ನೋಡಿ ಹೇಳಿ.

0–5 ನಿಮಿಷ: ಸ್ಲೇಟಿನಲ್ಲಿ 1/2ಕ್ಕೆ ಸಮನಾದ ಭಿನ್ನರಾಶಿ, ಆಮೇಲೆ 1/3ಕ್ಕೆ.
5–12: ಬಿಡಿಸಿದ ಉದಾಹರಣೆ 1/2 + 1/4, ಆಮೇಲೆ ಮಕ್ಕಳು 1/3 + 1/6, 2/3 + 1/9.
12–20: "ಸಮಾನ ಛೇದ ಮಾತ್ರ ಹುಡುಕಿ", 6 ಜೋಡಿ.
20–33: ಬಿಡಿಸಿದ ಉದಾಹರಣೆ 1/2 + 1/3, ಆಮೇಲೆ 1/3 + 1/4, 2/5 + 1/3. ಮುಂದಿರುವವರಿಗೆ 1/4 + 1/6, 3/8 + 5/12.
33–40: ಒಂದು ತಪ್ಪು ಉತ್ತರ (3/4 + 1/5 = 4/9) ಬೋರ್ಡಿನಲ್ಲಿ. ಇದು ತಪ್ಪೆಂದು ಲೆಕ್ಕ ಮಾಡದೆಯೇ ಹೇಗೆ ಗೊತ್ತಾಗುತ್ತದೆ?

ಮೂರನೇ ಗುಂಪಿಗೆ ನಂಬಿಕೆ ಬಂತೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಚರಾಕ್ಷರ

ಪಾಠದ ಮೊದಲು ಮತ್ತು ವಾರದ ಕೊನೆಗೆ, ಬಿಡಿಸಲು ಸಮಯ ಸಿಗದಷ್ಟು ಬೇಗ ಒಂದೊಂದೇ ಲೆಕ್ಕ ತೋರಿಸಿ ಮುಚ್ಚಿಬಿಡಿ. "ಇದು ನಿನ್ನಿಂದ ಆಗುತ್ತೆ ಅಂತ ಎಷ್ಟು ಖಾತ್ರಿ? 0ಯಿಂದ 10ರೊಳಗೆ ಬರೆ." ಐದು ಲೆಕ್ಕ ಸಾಕು. ಆಮೇಲೆ ಅವೇ ಐದನ್ನು ಬಿಡಿಸಲಿ. 9 ಬರೆದು ತಪ್ಪು ಮಾಡುವ ಮಗುವಿಗೆ ಬೇಕಾದದ್ದು ತಾಳೆ ನೋಡುವ ಅಭ್ಯಾಸ. 2 ಬರೆದು ಸರಿ ಮಾಡುವ ಮಗುವಿಗೆ ತನ್ನ ಹಳೆಯ ಪುಟಗಳನ್ನೇ ತೋರಿಸಬೇಕು. ಹಾಳೆಯಲ್ಲಿ ಅಂಕ ಬರೆಯಬೇಡಿ, ಬೇರೆಯವರಿಗೆ ತೋರಿಸಲೂಬೇಡಿ.

ತಾಳೆ ನೋಡಿ

ಯೋಜನೆ ಚೆನ್ನಾಗಿದೆ. 4/9ರ ಉದಾಹರಣೆ ಸರಿಯಾಗಿ ಆರಿಸಿದ್ದೀರಿ: 3/4 ಅರ್ಧಕ್ಕಿಂತ ಹೆಚ್ಚು, 4/9 ಅರ್ಧಕ್ಕಿಂತ ಕಡಿಮೆ, ಕಣ್ಣಿಗೇ ಕಾಣುತ್ತದೆ.

ಎರಡನೇ ಹಂತದ 1/3 + 1/6 ಮಾತ್ರ ತೆಗೆಯಿರಿ. ಉತ್ತರ 3/6 ಬರುತ್ತದೆ. ಮೊದಲ ಬಾರಿಗೆ ಧೈರ್ಯ ಮಾಡಿ ಪೆನ್ನು ತೆಗೆದ ಮಗು 3/6 ಬರೆದಿರುತ್ತದೆ, ಅಷ್ಟರಲ್ಲಿ ಮುಂದಿನ ಬೆಂಚಿನಿಂದ "1/2!" ಅಂತ ಕೂಗು ಬರುತ್ತದೆ. ಮಗು ತನ್ನ ಸರಿ ಉತ್ತರವನ್ನು ಹೊಡೆದು ಹಾಕಿ ಪೆನ್ನು ಮುಚ್ಚುತ್ತದೆ. ಅದರ ಜಾಗಕ್ಕೆ 1/5 + 1/10 ಹಾಕಿ. ಉತ್ತರ 3/10, ಸಂಕ್ಷೇಪಿಸುವ ಗೋಜಿಲ್ಲ.

ಹೊಸ ಮೇಷ್ಟ್ರು

ಬದಲಾಯಿಸಿದೆ. 12–20ರ ಆರು ಜೋಡಿಗಳನ್ನೂ ಇದೇ ದೃಷ್ಟಿಯಿಂದ ಇನ್ನೊಮ್ಮೆ ನೋಡುತ್ತೇನೆ.